ಸೌದೆ ತೂಗಿದವನ ಲೆಕ್ಕ: ನನ್ನ ಅನುಭವ

ನಾಲ್ಕು ಎಕರೆ ಅಡಿಕೆ ತೋಟ, ಕೊಟ್ಟಿಗೆಯಲ್ಲಿ ಐದು ದನ, ಮನೆಯಲ್ಲಿ ಆರು ಜನ. ಸಾಗರ ತಾಲೂಕಿನ ನಮ್ಮ ಕಡೆ ಇಂಥದೊಂದು ಮನೆಗೆ ವರ್ಷಕ್ಕೆ ಎಷ್ಟು ಸೌದೆ ಬೇಕು ಎಂದು ಕೇಳಿದರೆ ಯಾರೂ ತೂಕದಲ್ಲಿ ಉತ್ತರ ಕೊಡುವುದಿಲ್ಲ. ಮಳೆಗಾಲ ಹಿಡಿಯುವುದರೊಳಗೆ ಸೌದೆ ಕೊಟ್ಟಿಗೆ ಮಾಡಿಗೆ ತಾಗುವಂತೆ ತುಂಬಿರಬೇಕು ಎನ್ನುತ್ತಾರೆ, ಅಷ್ಟೆ. 2017ರವರೆಗೆ ನಾನೂ ಹಾಗೆಯೇ ಹೇಳುತ್ತಿದ್ದವನು. ಆ ವರ್ಷ ಸೌದೆಯನ್ನು ಅರ್ಧಕ್ಕೆ ಇಳಿಸುತ್ತೇನೆ ಎಂದು ಹೇಳಿದಾಗ ಊರಿನಲ್ಲಿ ನಕ್ಕವರೇ ಹೆಚ್ಚು, ಮನೆಯವರೂ ಅವರ ಪಕ್ಷದಲ್ಲಿಯೇ ಇದ್ದರು. ಈಗ ಅದು ಅರ್ಧಕ್ಕಿಂತಲೂ ಕೆಳಗೆ, ಮೂರರಲ್ಲಿ ಒಂದು ಪಾಲಿನ ಹತ್ತಿರ ಬಂದು ನಿಂತಿದೆ. ಸುಮಾರು 9 ಟನ್ ಸುಡುತ್ತಿದ್ದ ಮನೆಗೆ 3, ಹೆಚ್ಚೆಂದರೆ ಮೂರೂಕಾಲು ಟನ್ ಸಾಕಾಗುತ್ತಿದೆ. ನಕ್ಕವರಲ್ಲಿ ಇಬ್ಬರು ಕಳೆದ ಕೊಯ್ಲಿನಲ್ಲಿ ಅಳತೆಪಟ್ಟಿ ಹಿಡಿದುಕೊಂಡು ನಮ್ಮ ಅಡಿಕೆ ಬೇಯಿಸುವ ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದರು ಎಂಬುದನ್ನು ಬರೆಯದೆ ಇರಲಾರೆ.

ಇದಕ್ಕೆ ಕೈಹಾಕಿದ್ದು ದೀಪಾವಳಿಯ ಒಂದು ಜಗಳದಿಂದ. ಬೆಂಗಳೂರಿನಲ್ಲಿರುವ ಅಕ್ಕನ ಮಗ ಹಬ್ಬಕ್ಕೆ ಬಂದವನು ಜಗಲಿಯಲ್ಲಿ ಕೂತು ಹವಾಮಾನ ಬದಲಾವಣೆಯ ಮಾತು ತೆಗೆದ. ನಮ್ಮ ಚಿಕ್ಕಪ್ಪ ಅದನ್ನು ಒಪ್ಪುವವರಲ್ಲ. ಅವರು ಹುಡುಗರಾಗಿದ್ದಾಗ, ವಿದ್ಯುತ್ತಿಗಾಗಿ ಶರಾವತಿಗೆ ಕಟ್ಟಿ 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಯ ನೀರಿನಲ್ಲಿ ಮನೆ, ತೋಟ, ದೇವರಬನ ಎಲ್ಲವೂ ಮುಳುಗಿ, ಗಾಡಿಯಲ್ಲಿ ಪಾತ್ರೆಪಗಡಿ ಹೇರಿಕೊಂಡು ಈ ಊರಿಗೆ ಬಂದದ್ದು. ನಾಡಿಗೆಲ್ಲ ಬೆಳಕು ಕೊಟ್ಟ ಆ ವಿದ್ಯುತ್ತಿನ ತಂತಿ ನಮ್ಮ ಮನೆಗೆ ಬಂದದ್ದು ಅದಾಗಿ ಎಷ್ಟೋ ವರ್ಷಗಳ ಮೇಲೆ. ‘ಊರಿಗೆ ಊರನ್ನೇ ಮುಳುಗಿಸುವಾಗ ಇಲ್ಲದ ಕಾಳಜಿ ಈಗ ನನ್ನ ಬಚ್ಚಲೊಲೆಯ ಮೇಲೆ ಬಂತೋ’ ಎಂಬುದು ಅವರ ಪ್ರಶ್ನೆ. ಅಕ್ಕನ ಮಗನ ವಾದ ಬೇರೆಯ ದಿಕ್ಕಿನದು. ಭೂಮಿ ಬಿಸಿಯಾಗುತ್ತಿರುವುದು ನಿಜ, ಆದರೆ ಅಮೆರಿಕದ ಒಬ್ಬನ ಪಾಲಿಗೆ ವರ್ಷಕ್ಕೆ 14 ಟನ್ನಿಗೂ ಮೇಲೆ ಇಂಗಾಲದ ಡೈಆಕ್ಸೈಡ್ ಬರುವಾಗ ನಮ್ಮ ದೇಶದವನದು 2 ಟನ್ನಿನ ಆಸುಪಾಸಿನಲ್ಲಿದೆ, ಬದಲಾಗಬೇಕಾದವು ಕಲ್ಲಿದ್ದಲಿನ ಸ್ಥಾವರಗಳು ಮತ್ತು ಸರ್ಕಾರದ ನೀತಿ, ‘ಮಾವ, ನೀವು ಒಂದು ಒಲೆ ಸರಿಮಾಡಿದರೆ ಏನೂ ಆಗುವುದಿಲ್ಲ’ ಎಂದ. ಒಬ್ಬರು ಹವಾಮಾನ ಬದಲಾವಣೆಯೇ ಸುಳ್ಳು ಎನ್ನುವವರು, ಇನ್ನೊಬ್ಬ ಅದು ನಿಜ ಎನ್ನುವವನು. ಆದರೆ ನಾನು ಏನೂ ಮಾಡಬೇಕಾಗಿಲ್ಲ ಎಂಬಲ್ಲಿ ಇಬ್ಬರೂ ಒಂದಾಗಿದ್ದರು. ನನಗೆ ಕೆರಳಿದ್ದು ಅಲ್ಲಿ. ಮರುದಿನ ಬೆಳಿಗ್ಗೆ ಅಡಿಕೆ ತೂಗುವ ಕಾಟಾವನ್ನು ಒಲೆಯ ಪಕ್ಕಕ್ಕೆ ತಂದಿಟ್ಟೆ.

ಆ ಕೊಯ್ಲಿನಲ್ಲಿ ಪ್ರತಿ ಹಂಡೆಗೆ ಹಾಕಿದ ಸೌದೆಯನ್ನು ತೂಗಿ ಬರೆದೆ. ಒಂದು ಹಂಡೆ ಅಡಿಕೆ ಬೇಯಲು ಸರಾಸರಿ 90 ಕಿಲೋ ಬೇಕಾಗುತ್ತಿತ್ತು. ಮತ್ತಿ, ಕಿಂದಳ ಮರಗಳ ಹಸಿ ಸೌದೆ ಸಿಕ್ಕ ದಿನ ನೂರು ದಾಟುತ್ತಿತ್ತು. ನಮಗೆ ಒಂದು ಕೊಯ್ಲಿಗೆ ನಲವತ್ತು ಹಂಡೆಯ ಬೇಯಿಸುವಿಕೆ ಇರುತ್ತದೆ, ಅಂದರೆ ಮೂರೂವರೆ ಟನ್ನಿನ ಮೇಲೆ. ಇದೇ ದೊಡ್ಡ ಖರ್ಚು ಎಂದು ನಂಬಿ ಕೈಯಲ್ಲಿದ್ದ ದುಡ್ಡನ್ನೆಲ್ಲ ಅಡಿಕೆ ಒಲೆಗೆ ಸುರಿದೆ. ನಿಜವಾದ ಕಳ್ಳ ಎಲ್ಲಿದ್ದ ಎನ್ನುವುದು ಗೊತ್ತಾದದ್ದು ಎರಡು ವರ್ಷಗಳ ನಂತರ, ಅದನ್ನು ಮುಂದೆ ಹೇಳುತ್ತೇನೆ.

1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರದವರು ರೂಪಿಸಿದ, ಕಡಿಮೆ ಸೌದೆಯಲ್ಲಿ ಉರಿದು ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಬಿಡುವ ಅಸ್ತ್ರ ಒಲೆ ಹಲವರಿಗೆ ಗೊತ್ತಿರುವಂಥದ್ದೇ. ಅದೇ ತತ್ತ್ವವನ್ನು ದೊಡ್ಡದು ಮಾಡಿದರೆ ಅಡಿಕೆ ಒಲೆಯಾಗುತ್ತದೆ ಎಂದು ನಾನೂ ಗಾರೆಯವನೂ ಲೆಕ್ಕ ಹಾಕಿದೆವು. ಮೊದಲನೆಯ ಒಲೆಗೆ 7 ಸಾವಿರದ ಹತ್ತಿರ ಖರ್ಚಾಯಿತು. ಹೊಗೆಕೊಳವೆಯನ್ನು ಒಲೆಯ ಬಾಯಿಗೆ ನೇರ ಹಿಂದೆ, ಮಾಡಿಗಿಂತ ನಾಲ್ಕು ಅಡಿ ಮೇಲಕ್ಕೆ ನಿಲ್ಲಿಸಿದ್ದೆವು. ಬೆಂಕಿ ಹಾಕಿದ ಹತ್ತು ನಿಮಿಷದಲ್ಲಿ ಜ್ವಾಲೆ ಹಂಡೆಯ ತಳವನ್ನು ನೆಕ್ಕಿದ ಹಾಗೆ ಮಾಡಿ ಸೀದಾ ಕೊಳವೆಗೆ ನುಗ್ಗಿತು. ಕೊಳವೆಯ ಬುಡ ಕೆಂಪಗೆ ಕಾದಿದೆ, ಹಂಡೆಯ ಚೊಗರಿನಲ್ಲಿ, ಅಂದರೆ ಅಡಿಕೆ ಬೇಯುವ ನೀರಿನಲ್ಲಿ, ಕೈ ಅದ್ದಬಹುದು. ಎರಡು ತಾಸಿನಲ್ಲಿ ಬೇಯಬೇಕಾದದ್ದು ಮೂರೂವರೆ ತಾಸು ಹಿಡಿಯಿತು. ಸುಲಿಯಲು ಬಂದ ಹೆಂಗಸರು ‘ಈ ಒಲೆ ಆಕಾಶ ಕಾಯಿಸುವುದಕ್ಕೋ’ ಎಂದು ಕೇಳಿದರು. ಅರೆಬೆಂದ ಆ ಎರಡು ಹಂಡೆಯ ಅಡಿಕೆಗೆ ಬಣ್ಣವೂ ಬರಲಿಲ್ಲ, ಮಂಡಿಯಲ್ಲಿ ಕ್ವಿಂಟಲಿಗೆ ಎರಡು ಸಾವಿರ ಕಡಿಮೆಗೆ ಹೋಯಿತು.

ಎರಡನೆಯದು 2018ರದು. ಈ ಸಲ ಬೆಂಕಿ ಹಂಡೆಯನ್ನು ಸುತ್ತಿ ಹೋಗಲಿ ಎಂದು ಗೋಡೆಗೂ ಹಂಡೆಗೂ ನಡುವಿನ ಸಂದನ್ನು ಒಂದು ಬೆರಳಿಗೆ ಇಳಿಸಿದೆ. ಮೂರು ದಿನ ಅದ್ಭುತವಾಗಿ ಉರಿಯಿತು, ನಾನು ನಾಲ್ಕಾರು ಜನರಿಗೆ ಫೋನು ಮಾಡಿ ಹೇಳಿಯೂ ಆಯಿತು. ನಾಲ್ಕನೆಯ ದಿನ ಸಂದಿನಲ್ಲಿ ಮಸಿ ಕಟ್ಟಿ ಹೊಗೆಯೆಲ್ಲ ಒಲೆಯ ಬಾಯಿಂದಲೇ ಹೊರಗೆ ಬಂತು. ಅದರ ಮೇಲೆ, ಗಟ್ಟಿಯಾಗಲಿ ಎಂದು ಒಳಗೋಡೆಗೆ ಸಿಮೆಂಟು ಬಳಸಿದ್ದು ಶುದ್ಧ ಪೆದ್ದುತನ. ಬೆಂಕಿ ತಾಗುವಲ್ಲಿ ಸಿಮೆಂಟು ಒಂದು ವಾರವೂ ತಡೆಯಲಿಲ್ಲ, ಪದರ ಪದರವಾಗಿ ಎದ್ದು ಬಂತು. ಒಡೆದು ಹಾಕುವ ಕೂಲಿಯನ್ನೂ ಸೇರಿಸಿದರೆ 12 ಸಾವಿರ ಹೋಯಿತು. ಆ ವರ್ಷ ಉಳಿದ ಅಡಿಕೆಯನ್ನು ಹಳೆಯ ಮೂರು ಗುಂಡಿನ ಮೇಲೆ ಹಂಡೆಯಿಟ್ಟೇ ಬೇಯಿಸಿದೆವು.

2019ರ ಬೇಸಿಗೆಯಲ್ಲಿ ಮೂರನೆಯದನ್ನು ಕಟ್ಟಿದೆ. ಈ ಸಲ ಇಟ್ಟಿಗೆ ಮತ್ತು ಹುತ್ತದ ಮಣ್ಣು ಬಿಟ್ಟರೆ ಬೇರೇನೂ ಇಲ್ಲ. ತಳಕ್ಕೆ ಎರಕದ ಸರಳಿನ ಜಾಲರಿ, ಅದರ ಕೆಳಗೆ ಗಾಳಿಯ ದಾರಿ, ಬಾಯಿಗೆ ಕಬ್ಬಿಣದ ಬಾಗಿಲು, ಕೊಳವೆಯಲ್ಲಿ ಎಳೆದು ನೂಕುವ ತಗಡು. ಹಂಡೆಯ ಸುತ್ತಲಿನ ಸಂದು ಎರಡು ಬೆರಳಿಗಿಂತ ತುಸು ಹೆಚ್ಚು. ಕೊಳವೆ ಎಲ್ಲಿಂದ ಹೊರಡುತ್ತದೆ, ಒಳಗೆ ಜ್ವಾಲೆಯನ್ನು ತಡೆಯುವ ಇಟ್ಟಿಗೆಯನ್ನು ಎಷ್ಟು ಓರೆಗೆ ಕೂರಿಸಿದ್ದೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ 19 ಸಾವಿರ ರೂಪಾಯಿ ಶಾಲಾಶುಲ್ಕ ಕಟ್ಟಿದ್ದೇನೆ. ಬೇಕಾದವರು ಕೊಯ್ಲಿನ ಸಮಯದಲ್ಲಿ ಬಂದು ಒಂದು ಹಂಡೆ ಬೇಯುವವರೆಗೆ ಒಲೆಯ ಮುಂದೆ ಕೂತರೆ ತೋರಿಸುತ್ತೇನೆ. ಆ ಆಗಸ್ಟಿನ ದೊಡ್ಡ ಮಳೆಯಲ್ಲಿ ಚಪ್ಪರದ ಒಂದು ಮೂಲೆ ಹಾರಿ ಒಲೆಯ ಬುಡ ನೆನೆದು ಕುಸಿಯಿತು, ಮತ್ತೆ ಮೆತ್ತಿದ್ದಾಯಿತು. ಜಾಲರಿ, ಬಾಗಿಲು ಎಲ್ಲ ಸೇರಿ 18 ಸಾವಿರ. ಅಕ್ಟೋಬರಿನಲ್ಲಿ ಮೊದಲ ಹಂಡೆಗೆ ತೂಗಿಟ್ಟ 50 ಕಿಲೋದಲ್ಲಿ ಹನ್ನೊಂದು ಕಿಲೋ ಉಳಿಯಿತು. ನಂಬಿಕೆ ಬರದೆ ಇನ್ನೊಂದು ಹಂಡೆ ಏರಿಸಿದೆವು. ಕಾದ ಒಲೆಯಾದ್ದರಿಂದ ಅದಕ್ಕೆ 35 ಕಿಲೋ ಸಾಲಿತು. ಇಂದಿಗೂ ಸರಾಸರಿ 38ರ ಆಚೀಚೆಯೇ ಇದೆ. ತಗಡನ್ನು ಯಾವಾಗ ಎಳೆಯಬೇಕು, ಎಷ್ಟು ಎಳೆಯಬೇಕು ಎಂಬುದು ಕಣ್ಣಳತೆಗೆ ಬಿಟ್ಟದ್ದು: ಹಂಡೆಯ ಅಂಚಿನಲ್ಲಿ ನೊರೆ ಒಂದೇ ಸಮನೆ ಏಳತೊಡಗಿದಾಗ ಅರ್ಧ ಮುಚ್ಚುತ್ತೇನೆ, ಆಮೇಲೆ ಹೊಸ ಸೌದೆ ಹಾಕುವುದಿಲ್ಲ.

ನಡುವೆ ಒಣಗಿದ ಅಡಿಕೆ ಸಿಪ್ಪೆಯನ್ನೇ ಉರುವಲು ಮಾಡುವ ಪ್ರಯೋಗವನ್ನೂ ಒಂದು ವಾರ ನಡೆಸಿದೆ. ಭಗ್ಗನೆ ಉರಿದು ಕೆಂಡವಿಲ್ಲದೆ ಆರುತ್ತದೆ, ಒಬ್ಬ ಆಳು ಬುಟ್ಟಿ ಹಿಡಿದು ಅಲ್ಲಿಯೇ ನಿಂತಿರಬೇಕು, ಮಸಿ ಮೂರು ಪಾಲು. ಸಿಪ್ಪೆ ತೋಟಕ್ಕೇ ಸೇರಬೇಕಾದ ವಸ್ತು ಎಂದು ಅಲ್ಲಿಗೆ ಬಿಟ್ಟೆ.

ಇನ್ನು ಕಳ್ಳನ ವಿಷಯ. ಕಾಟಾ ಒಲೆಯ ಪಕ್ಕದಲ್ಲಿಯೇ ಇತ್ತಲ್ಲ, ಕೊಯ್ಲು ಮುಗಿದ ಮೇಲೆ ಸುಮ್ಮನೆ ಕುತೂಹಲಕ್ಕೆ ಬಚ್ಚಲೊಲೆಯ ಸೌದೆಯನ್ನೂ ಒಂದು ತಿಂಗಳು ತೂಗಿದೆ. ದಿನಕ್ಕೆ 12 ಕಿಲೋ. ಮಳೆಗಾಲದಲ್ಲಿ ಬಟ್ಟೆಯನ್ನೂ ಅದರ ಮೇಲೆಯೇ ಒಣಗಿಸುವುದರಿಂದ ಬೆಂಕಿ ಆರುವುದೇ ಇಲ್ಲ, 15ರವರೆಗೂ ಹೋಗುತ್ತದೆ. ವರ್ಷಕ್ಕೆ ನಾಲ್ಕೂಕಾಲು ಟನ್ನಿನ ಮೇಲೆ, ಅಂದರೆ ಇಡೀ ಅಡಿಕೆಗಿಂತ ಹೆಚ್ಚು! ವರ್ಷಕ್ಕೆ ಎರಡೂವರೆ ತಿಂಗಳು ಉರಿಯುವ ಒಲೆಯನ್ನು ಮೂರು ಸಲ ಒಡೆದು ಕಟ್ಟಿದವನು ದಿನವೂ ಉರಿಯುವುದನ್ನು ಕಣ್ಣೆತ್ತಿ ನೋಡಿರಲಿಲ್ಲ. ಬಚ್ಚಲೊಲೆಗೆ ಖರ್ಚಾದದ್ದು 4 ಸಾವಿರ ಮಾತ್ರ: ಸಣ್ಣ ಜಾಲರಿ, ಬಾಗಿಲು, ಹಂಡೆಯ ಭುಜದವರೆಗೆ ಮಣ್ಣಿನ ಗೋಡೆ, ಮೇಲೆ ಮುಚ್ಚಲು ಹಲಗೆ. ಮಾಡಿನ ಮೇಲಿನ ಸೋಲಾರ್ ಹೀಟರಿಗೆ 22 ಸಾವಿರ ಕೊಟ್ಟದ್ದು ಮಾತ್ರ ಅರ್ಧ ದಂಡ. ತೋಟದ ನೆರಳು ಮೂರು ಗಂಟೆಗೇ ಮಾಡಿನ ಮೇಲೆ ಬೀಳುತ್ತದೆ, ಜೂನಿನಿಂದ ಸೆಪ್ಟೆಂಬರಿನವರೆಗೆ ಅದು ಮಳೆನೀರಿಗೆ ಮೈಯೊಡ್ಡಿ ನಿಂತಿರುವ ಒಂದು ಪೀಪಾಯಿ. ಆದರೂ ಡಿಸೆಂಬರಿನಿಂದ ಮೇ ತಿಂಗಳವರೆಗೆ ಬಹುಪಾಲು ದಿನ ಬಚ್ಚಲಿಗೆ ಬೆಂಕಿ ಬೇಕಾಗುವುದಿಲ್ಲ. ವರ್ಷಕ್ಕೆ ಒಂದೂವರೆ ಟನ್ನಿನ ಸುತ್ತ ನಿಂತಿದೆ.

ಗೋಬರ್ ಗ್ಯಾಸಿನ ಕತೆ ಅಷ್ಟು ಹೆಮ್ಮೆಯದಲ್ಲ. ನೆಲದೊಳಗೆ ಗಾರೆಯ ಡೋಮು ಕಟ್ಟುವ, 2 ಘನಮೀಟರಿನ ದೀನಬಂಧು ಮಾದರಿ, ಸಹಾಯಧನ ಕಳೆದು ಕೈಯಿಂದ 30 ಸಾವಿರದ ಹತ್ತಿರ. ದಿನಕ್ಕೆ 50 ಕಿಲೋ ಸಗಣಿ, ಅಷ್ಟೇ ನೀರು. ಮೊದಲ ತಿಂಗಳು ಅಡುಗೆಯೂ ಆಯಿತು, ದನಗಳ ಅಕ್ಕಚ್ಚೂ ಬೆಂದಿತು. ಆಮೇಲೆ ಒಂದು ದಿನ ಏಕಾಏಕಿ ಗ್ಯಾಸು ಬತ್ತಿತು. ಹದಿನೈದು ದಿನ ಪೈಪು ಬಿಚ್ಚಿ ಜೋಡಿಸಿ, ಅದರಲ್ಲಿ ಕಟ್ಟಿದ್ದ ನೀರನ್ನು ಚೆಲ್ಲಿ, ಬರ್ನರು ಬದಲಿಸಿ ಸೋತ ಮೇಲೆ ತಿಳಿದದ್ದು, ದನಗಳ ಮೈಯಲ್ಲಿ ಉಣ್ಣೆಹುಳು ಹೆಚ್ಚಾಗಿದೆ ಎಂದು ಕೊಟ್ಟಿಗೆಯನ್ನು ಫಿನಾಯಿಲಿನಲ್ಲಿ ತೊಳೆದ ನೀರೆಲ್ಲ ಸಗಣಿಯ ಜೊತೆ ಗುಂಡಿಗೆ ಹೋಗುತ್ತಿತ್ತು. ಗ್ಯಾಸು ಹುಟ್ಟಿಸುವ ಜೀವಿಗಳೇ ಸತ್ತಿದ್ದವು. ಅದು ಸರಿಹೋಗಿ ಆರು ತಿಂಗಳಿಗೆ ಡೋಮಿನ ಗಾರೆಯಲ್ಲಿ ಕೂದಲೆಳೆಯ ಬಿರುಕು ಬಿಟ್ಟಿತು. ಮಣ್ಣು ಸರಿಸಿ ಸೋಪಿನ ನೀರು ಹಚ್ಚಿದಾಗ ಮೀನು ಉಸಿರಾಡಿದಂತೆ ಗುಳ್ಳೆಗಳು ಸಾಲಾಗಿ ಎದ್ದವು. ಪತ್ತೆಯಾಗುವವರೆಗೆ ಬಹುಶಃ ನಾಲ್ಕು ತಿಂಗಳು ಸೋರಿದೆ.

ಇದನ್ನು ಅಕ್ಕನ ಮಗನಿಗೆ ಹೇಳಿದ್ದೇ ತಪ್ಪಾಯಿತು. ಮೀಥೇನ್ ಅನಿಲಕ್ಕೆ ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿಸಿಮಾಡುವ ಶಕ್ತಿ ಇದೆ, ಸುಡದೆ ಸೋರಿಬಿಟ್ಟರೆ ಸಿಲಿಂಡರಿನಲ್ಲಿ ಅಡುಗೆ ಮಾಡಿದ್ದಕ್ಕಿಂತ ನಷ್ಟ ಎಂದು ಅವನು ವಿವರಿಸಿದ. ಪಕ್ಕದಲ್ಲಿದ್ದ ಚಿಕ್ಕಪ್ಪ, ‘ಅಂತೂ ಭೂಮಿ ಬಿಸಿಯಾಗುವುದಕ್ಕೆ ನೀನೇ ಕಾರಣ ಎಂದಾಯಿತು’ ಎಂದು ಒಂದು ತಿಂಗಳು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದರು. ಅವನು ಹೇಳಿದ್ದು ಸರಿಯಾದ್ದರಿಂದ ನನಗೆ ಉತ್ತರವಿರಲಿಲ್ಲ. ಈಗ ಪ್ರತಿ ಅಮಾವಾಸ್ಯೆಗೆ ಸೋಪಿನ ನೀರಿನ ಬಾಲ್ದಿ ಹಿಡಿದು ಗೇಟ್ ವಾಲ್ವಿನಿಂದ ಒಲೆಯವರೆಗೆ ಒಂದು ಸುತ್ತು ಹಾಕುತ್ತೇನೆ. ಡೋಮಿನ ಒಳಗಡೆ ಏನನ್ನು ಬಳಿದು ಬಿರುಕು ಮುಚ್ಚಿದೆ ಎನ್ನುವುದು ನನ್ನ ಇನ್ನೊಂದು ಗುಟ್ಟು. ವರ್ಷಕ್ಕೆ ಒಂಬತ್ತು ಸಿಲಿಂಡರು ತರುತ್ತಿದ್ದವರು ಈಗ ಎರಡು ತರುತ್ತೇವೆ. ಸಿಲಿಂಡರಿನ ಬೆಲೆ ಸಾವಿರ ದಾಟಿದ್ದ 2022–23ರಲ್ಲಿ ಈ ಒಂದೇ ಬಾಬ್ತಿನಲ್ಲಿ 7 ಸಾವಿರ ಉಳಿಯಿತು, ಗುಂಡಿಯಿಂದ ಹೊರಬರುವ ಸಗಣಿಯ ಬಗ್ಗಡ ತೋಟಕ್ಕೆ ಸಿಕ್ಕಿದ್ದು ಬೇರೆ.

ಇಷ್ಟರವರೆಗೆ ದುಡ್ಡು ಉಳಿಯುವ ಮಾತಾಯಿತು. ದುಡ್ಡು ಉಳಿಯದ ಕೆಲಸವೂ ಒಂದಿದೆ. ನಮ್ಮ 5 ಎಚ್‌ಪಿ ಪಂಪಿಗೆ, ಎಲ್ಲರಿಗೂ ಗೊತ್ತಿರುವಂತೆ, ಬಿಲ್ಲಿಲ್ಲ; 10 ಎಚ್‌ಪಿವರೆಗಿನ ಪಂಪುಸೆಟ್ಟುಗಳಿಗೆ ರಾಜ್ಯದಲ್ಲಿ ವಿದ್ಯುತ್ ಉಚಿತ. ಮನೆಯ ಬಿಲ್ಲೂ 2023ರ ಗೃಹಜ್ಯೋತಿಯ ನಂತರ ಸೊನ್ನೆ. ಬಿಲ್ಲು ಬಾರದ ಮೇಲೆ ಎಷ್ಟು ಉರಿಸುತ್ತೇವೆ ಎಂಬ ನೆನಪೇ ಇರುವುದಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ: ಕರೆಂಟು ಬಂದಾಗ ತಾನಾಗಿ ಚಾಲೂ ಆಗುವ ಸ್ಟಾರ್ಟರು ಹಾಕಿ ನಿದ್ದೆ ಮಾಡುತ್ತಿದ್ದವನು ನಾನು. ಸಾವಿರದಿನ್ನೂರು ರೂಪಾಯಿಗೆ ಒಂದು ಮೀಟರು ತಂದು ನಾನೇ ಹಾಕಿಸಿಕೊಂಡೆ. ತಾಸಿಗೆ ನಾಲ್ಕೂವರೆ ಯೂನಿಟ್, ಬೇಸಿಗೆಯಲ್ಲಿ ದಿನಕ್ಕೆ ಆರು ತಾಸು. ಹಳೆಯ ಕಬ್ಬಿಣದ (ಜಿಐ) ಪೈಪು ಮತ್ತು ಉಸಿರುಗಟ್ಟಿದ ಫುಟ್‌ವಾಲ್ವನ್ನು ತೆಗೆದು ದಪ್ಪ ಪಿವಿಸಿ ಹಾಕಿ, ಸ್ಪ್ರಿಂಕ್ಲರಿನ ಬದಲು ಡ್ರಿಪ್ ಮಾಡಿಸಿದ ಮೇಲೆ ಮೂರೂವರೆ ತಾಸು ಸಾಕಾಯಿತು. ಕೈಯಿಂದ ಹೋದದ್ದು 35 ಸಾವಿರ, ವಿದ್ಯುತ್ತಿನ ಬಾಬ್ತಿನಲ್ಲಿ ಉಳಿದದ್ದು ಸೊನ್ನೆ ರೂಪಾಯಿ.

‘ಅದು ನಮ್ಮ ಶರಾವತಿಯ ಕರೆಂಟು, ನಮ್ಮ ಮನೆ ಮುಳುಗಿಸಿ ಮಾಡಿದ್ದು, ಅದನ್ನೂ ಉಳಿಸಿ ಯಾರಿಗೆ ಕೊಡುತ್ತೀ’ ಎಂದು ಚಿಕ್ಕಪ್ಪ ಕೇಳಿದರು. ಅವರ ಮಾತಿನ ನೋವು ನನಗೆ ಅರ್ಥವಾಗುತ್ತದೆ, ಆದರೆ ಲೆಕ್ಕ ಹಾಗಿಲ್ಲ. ನಮ್ಮ ಪಂಪು ಓಡುವುದು ಬೇಸಿಗೆಯಲ್ಲಿ. ಆಗ ಲಿಂಗನಮಕ್ಕಿಯ ನೀರು ಕೆಳಗಿಳಿದಿರುತ್ತದೆ, ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ಹೆಚ್ಚು ಉರಿಯುತ್ತದೆ. ದೇಶದ ವಿದ್ಯುತ್ ಜಾಲದ ಸರಾಸರಿಯಲ್ಲಿ ಒಂದು ಯೂನಿಟ್ಟಿಗೆ ಏಳುನೂರು ಗ್ರಾಂ ಆಸುಪಾಸು ಇಂಗಾಲದ ಡೈಆಕ್ಸೈಡ್ ಎಂದಿಟ್ಟುಕೊಂಡರೆ, ನಾಲ್ಕು ತಿಂಗಳಲ್ಲಿ ನಾನು ಬಿಟ್ಟ 1,350 ಯೂನಿಟ್ಟುಗಳಿಗೆ ಒಂದು ಟನ್ನಿಗೆ ಹತ್ತಿರ ಬರುತ್ತದೆ, ಅಂದರೆ ಅಕ್ಕನ ಮಗ ಹೇಳಿದ ಭಾರತದ ಒಬ್ಬನ ಪಾಲಿನಲ್ಲಿ ಅರ್ಧ. ಏನೂ ಆಗುವುದಿಲ್ಲ ಎಂದವನಿಗೆ ಈ ಲೆಕ್ಕವನ್ನು ಕಳಿಸಿದೆ. ‘ಮಾವ, ಲೆಕ್ಕ ಸರಿ, ಆದರೆ ಉಚಿತ ವಿದ್ಯುತ್ತಿನ ನೀತಿ ಬದಲಾದರೆ ಇದನ್ನು ಲಕ್ಷ ಜನ ಮಾಡುತ್ತಾರೆ’ ಎಂದು ಬರೆದ. ಅದೂ ನಿಜ. ನೀತಿ ಬದಲಾಗುವವರೆಗೆ ಸ್ಟಾರ್ಟರನ್ನು ಆಟೋದಲ್ಲಿಟ್ಟು ಮಲಗಬೇಕೆ ಎಂಬ ನನ್ನ ಪ್ರಶ್ನೆಗೆ ಅವನಿಂದ ಉತ್ತರ ಬಂದಿಲ್ಲ. 2023ರಲ್ಲಿ ಮಳೆ ಕೈಕೊಟ್ಟು, ಮರುವರ್ಷದ ಬೇಸಿಗೆಯಲ್ಲಿ ಸುತ್ತಲಿನವರ ಕೆರೆಗಳು ಏಪ್ರಿಲಿಗೇ ಕೆಸರಾದಾಗ ನಮ್ಮಲ್ಲಿ ಮೇ ಮಧ್ಯದವರೆಗೆ ನೀರಿತ್ತು. ಆ 35 ಸಾವಿರ ಅಲ್ಲಿ ವಾಪಸು ಬಂತು ಎಂದು ನನ್ನ ಲೆಕ್ಕ.

ಚಿಕ್ಕಪ್ಪನ ಅನುಮಾನ ಬರಿಯ ಹಟವಲ್ಲ ಎನ್ನುವುದನ್ನೂ ಹೇಳಬೇಕು. ಅವರ ಹಿತ್ತಿಲಿನಲ್ಲಿ ಮಳೆಮಾಪಕ ಇದೆ, ಮೂವತ್ತು ವರ್ಷಕ್ಕೂ ಮೇಲಿನ ಮಳೆಯನ್ನು ದಿನದಿನವೂ ಡೈರಿಯಲ್ಲಿ ಬರೆದಿಟ್ಟಿದ್ದಾರೆ. ‘ಒಂದು ವರ್ಷ ಹೆಚ್ಚು, ಒಂದು ವರ್ಷ ಕಡಿಮೆ, ಯಾವ ಬದಲಾವಣೆ’ ಎಂದು ಅದನ್ನು ನನ್ನ ಮುಂದೆ ಬಿಚ್ಚಿಟ್ಟರು. ಎರಡು ಸಂಜೆ ಕೂತು ನೋಡಿದೆ. ವರ್ಷದ ಒಟ್ಟು ಮಳೆಯಲ್ಲಿ ಏರುವ ಅಥವಾ ಇಳಿಯುವ ದಿಕ್ಕು ನನಗೂ ಕಾಣಲಿಲ್ಲ. ಆದರೆ ಜೂನ್ ತಿಂಗಳ ಪುಟಗಳು ಈಚೆಗೆ ತೆಳ್ಳಗಾಗಿವೆ, ಹಳೆಯ ಡೈರಿಗಳಲ್ಲಿ ಹೆಚ್ಚಾಗಿ ಗೆರೆ ಎಳೆದು ಬಿಟ್ಟಿರುವ ನವೆಂಬರಿನ ಪುಟಗಳಲ್ಲಿ ಈಚೆಗೆ ಅಂಕಿಗಳು ಕೂತಿವೆ. ‘ಅದು ಹಿಂದೆಯೂ ಇತ್ತು’ ಎಂದು ಎರಡು ವರ್ಷಗಳನ್ನು ತೆಗೆದು ತೋರಿಸಿದರು. ಇತ್ತು, ಸುಳ್ಳಲ್ಲ. ಒಂದು ಹಿತ್ತಿಲಿನ ಡೈರಿಯಿಂದ ಭೂಮಂಡಲದ ತೀರ್ಮಾನ ಕೊಡುವುದಕ್ಕೆ ನಾನೂ ಹೋಗುವುದಿಲ್ಲ. ಅದಕ್ಕೆ ಜಗತ್ತಿನಾದ್ಯಂತ ಅಳೆದವರಿದ್ದಾರೆ, ಅವರನ್ನು ನಾನು ನಂಬುತ್ತೇನೆ, ಚಿಕ್ಕಪ್ಪ ನಂಬುವುದಿಲ್ಲ.

ಆದರೆ ಆ ನವೆಂಬರಿನ ಮಳೆ ನನ್ನ ಸೌದೆಯ ಲೆಕ್ಕವನ್ನೇ ಕೆಡಿಸಿದೆ. 2021ರ ನವೆಂಬರಿನಲ್ಲಿ ರಾಜ್ಯವೆಲ್ಲ ನೆನೆದಾಗ ಬೇಯಿಸಿದ ಅಡಿಕೆ ಅಂಗಳದ ಚಪ್ಪರದಲ್ಲಿ ಬೂಸಲು ಹಿಡಿಯತೊಡಗಿತು. ಬೇರೆ ದಾರಿಯಿಲ್ಲದೆ ಬಾಡಿಗೆಗೆ ಸೌದೆಯ ಡ್ರೈಯರು ತಂದು ಹದಿನೆಂಟು ದಿನ ಹಗಲುರಾತ್ರಿ ಉರಿಸಿದೆವು. ಒಲೆಯಲ್ಲಿ ಇಡೀ ಕೊಯ್ಲಿಗೆ ಉಳಿದ ಎರಡು ಟನ್ ಸೌದೆಯನ್ನು ಅದು ತಿಂದು ಇನ್ನೂ ಬಾಯಿ ತೆರೆದಿತ್ತು. ಆ ವರ್ಷ ಬಿಟ್ಟರೆ ಉಳಿದ ವರ್ಷಗಳದ್ದು ನಾನು ಮೇಲೆ ಕೊಟ್ಟ ಲೆಕ್ಕ. ಈಗ ಪಾಲಿಥೀನ್ ಹಾಳೆಯ ಸೋಲಾರ್ ಮನೆ ಕಟ್ಟಿಸಿದ್ದೇನೆ, ಮೂವತ್ತು ಅಡಿ ಉದ್ದ, 60 ಸಾವಿರ ದಾಟಿತು. ಬಿಸಿಲಿದ್ದರೆ ಒಂಬತ್ತು ದಿನದಲ್ಲಿ ಒಣಗುತ್ತದೆ, ಸತತ ಮೋಡವಿದ್ದರೆ ಒಳಗೆ ಬೆವರು ಹನಿದು ಅಡಿಕೆಯ ಮೇಲೆಯೇ ಬೀಳುತ್ತದೆ. ತುದಿಯಲ್ಲಿ ಒಂದು ಫ್ಯಾನು ಇಟ್ಟು ನೋಡಿದೆ, ಅರ್ಧ ಗುಣ ಕಂಡಿದೆ.

ಚಿಕ್ಕಪ್ಪ ಮೊನ್ನೆ ಬಂದು, ಚಿಕ್ಕಮ್ಮನಿಗೆ ಬಚ್ಚಲಿನ ಹೊಗೆಗೆ ಕೆಮ್ಮು ಹೆಚ್ಚಾಗಿದೆ, ನಮ್ಮ ಮನೆಗೂ ಒಂದು ಒಲೆ ಹಾಕಿಸಿಕೊಡು, ಹವಾಮಾನದ ಭಾಷಣ ಮಾತ್ರ ಬೇಡ ಎಂದರು. ಅವರ ಹಂಡೆಯ ಅಳತೆ ತೆಗೆದುಕೊಂಡು ಬಂದಿದ್ದೇನೆ. ಅದರ ತಳ ನಮ್ಮದಕ್ಕಿಂತ ಮೂರು ಇಂಚು ಅಗಲ, ಜಾಲರಿಯನ್ನು ಹೊಸದಾಗಿಯೇ ಎರಕ ಹೊಯ್ಯಿಸಬೇಕು, ಅದಕ್ಕೆ ಒಂಬೈನೂರು ಹೆಚ್ಚಾಗುತ್ತದೆ ಎಂದಿದ್ದಕ್ಕೆ ಚೌಕಾಸಿ ಇನ್ನೂ ನಡೆದಿದೆ.